ಬಾಕಿ ಚಿಲ್ಲರೆ

ಹದಿನೆಂಟು ವರ್ಷ ಟಿಕೆಟ್ಟಿನ ಬೆನ್ನಿಗೆ
ಬರೆದುಕೊಟ್ಟಿದ್ದೇನೆ: ಮೂರು ಬಾಕಿ, ಏಳು ಬಾಕಿ,
ಇಳಿಯುವಾಗ ಕೇಳಿ ತಕ್ಕೊಳ್ಳಿ.
ಎಷ್ಟೋ ಮಂದಿ ಕೇಳದೇ ಇಳಿದರು
ಅಮದಳ್ಳಿಯಲ್ಲಿ, ತೋಡೂರಿನಲ್ಲಿ.
ಮೀನುಬುಟ್ಟಿಗೆ ಕೈ ಕೊಡುವ ಗಡಿಬಿಡಿಯಲ್ಲಿ
ನಾನೂ ಮರೆತೆ.
ಈಗ ಹೆಂಗಸರದು ಸೊನ್ನೆ ಟಿಕೆಟ್ಟು,
ಬಾಕಿ ಬರೆಯುವುದು ಕಮ್ಮಿ.

ಬ್ಯಾಂಕಿನ ಹುಡುಗ, ಗದಗದ ಕಡೆಯವನು,
ಪರದೆ ನೋಡಿ ತಲೆ ಕೆರೆದುಕೊಂಡ:
"ಮೇಡಮ್, ಒಂದು ಫ್ರಿಜ್ಜಾದರೂ
ಕಂತಿನ ಮ್ಯಾಲೆ ತಗೊಂಡಿಲ್ಲೇನ್ರೀ?
ಸಾಲ ಮಾಡದವರಿಗೆ ಸಾಲ ಕೊಡೂದು ಭಾಳ ತ್ರಾಸು."
ನಾಚಿಕೆಯಾಯಿತು,
ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವಳ ಹಾಗೆ.

ಅರ್ಜಿಯಲ್ಲೊಂದು ಖಾನೆ: ಖಾಯಂ ವಿಳಾಸ.
ಹುಟ್ಟಿದ ಓಣಿ ಈಗ ನೌಕಾನೆಲೆಯ ಗೋಡೆಯಾಚೆ.
ಆ ಸ್ಟಾಪಿಗೆ ದಿನಾ ನಾನೇ ಕೂಗುತ್ತೇನೆ,
ಗೇಟ್, ಗೇಟ್, ಯಾರು ಗೇಟ್ ಇಳಿಯೋರು?
ಆಮೇಲಿನದು ಏಳು ಬಾಡಿಗೆ ಮನೆ.
ಏಳನೆಯದನ್ನು ಬರೆದೆ, ಕಾಜುಬಾಗ.
ಡಿಸೆಂಬರಿಗೆ ಖಾಲಿ ಮಾಡಿ ಅಂದದ್ದು ಬರೆಯಲಿಲ್ಲ.

ಬೆಲೆ ಕಟ್ಟುವ ಇಂಜಿನಿಯರು ಟೇಪು ಹಿಡಿದು ಬಂದರು
ಕೋಡಿಬಾಗದ ಎರಡನೇ ಮಾಳಿಗೆಗೆ.
"ಸಮುದ್ರ ಎಷ್ಟು ದೂರ?"
ಭರತದ ದಿನವೋ ಇಳಿತದ ದಿನವೋ, ಅಂದೆ.
ನಗಲಿಲ್ಲ ಅವರು.
ಎರಡನ್ನೂ ಬರೆದುಕೊಂಡರು.

ಆಮೇಲೆ ಆ ಪತ್ರ, ಋಣಭಾರದ್ದು.
ಸಬ್ ರಿಜಿಸ್ಟ್ರಾರ್ ಕಚೇರಿ ಮೂವತ್ತು ವರ್ಷ ಹುಡುಕಿ
ಮೊಹರು ಒತ್ತಿ ಹೇಳಿತು:
ಈ ನೆಲದ ಮೇಲೆ ಯಾವ ಋಣವೂ ಇಲ್ಲ.
ಆಯಿಗೆ ಓದಿ ಹೇಳಿದೆ.
ಬಂಗಡೆ ಸೀಳುತ್ತಿದ್ದವಳು ಕೈ ನಿಲ್ಲಿಸಿ
"ಅಲ್ಲೊಂದು ಬಾವಿಯಿತ್ತು.
ಬುಟ್ಟಿ ಹೊತ್ತು ದಣಿದಾಗೆಲ್ಲ
ಯಾರನ್ನೂ ಕೇಳದೆ ಸೇದಿ ಕುಡಿದಿದ್ದೇನೆ.
ಅದನ್ನ ಅವರು ಬರಕೊಂಡಿಲ್ಲವಾ?" ಅಂದಳು.

ಕರಾರಿನ ಪ್ರಕಾರ ನೆಲದಲ್ಲಿ ನನ್ನದು
ಇನ್ನೂರ ಹನ್ನೊಂದು ಚದರಡಿ, ಅವಿಭಾಜ್ಯ.
ಯಾವ ಇನ್ನೂರ ಹನ್ನೊಂದು, ಯಾರೂ ತೋರಿಸಲಾರರು.
ಬಾವಿ ಮುಚ್ಚಿದ ಜಾಗವೇ ಇರಲಿ ಅಂದುಕೊಂಡೆ.

ಜಾಮೀನಿಗೆ ಬಂದವ ಇನಾಸ, ನನ್ನ ಡ್ರೈವರು,
ಡ್ಯೂಟಿ ಮುಗಿಸಿ, ಖಾಕಿಯಲ್ಲೇ.
ಹನ್ನೊಂದು ಕಡೆ ಸಹಿ. ಓದಿ ಮಾಡೋ, ಅಂದೆ.
"ನೀ ರೈಟ್ ಅಂದಾಗೆಲ್ಲ
ಕನ್ನಡಿ ನೋಡದೇ ಗಾಡಿ ಬಿಟ್ಟವ ನಾನು.
ಇದನ್ನೇನು ಓದುವುದು?"
ಪೆನ್ನಿಗೆ ಬ್ಯಾಂಕಿನವರು ದಾರ ಕಟ್ಟಿದ್ದರು.
ಹನ್ನೊಂದನೆಯ ಸಹಿಗೆ
ಅದು ಸ್ವಲ್ಪ ಮೋಟಾಯಿತು.

ಹದಿನೇಳು ಲಕ್ಷ. ಇನ್ನೂರ ನಲವತ್ತು ಕಂತು.
ತಿಂಗಳಿಗೆ ಹದಿನಾಲ್ಕು ಸಾವಿರದ ಏಳುನೂರ ಐವತ್ತಮೂರು.
ಆ ಮೂರು ರೂಪಾಯಿ ನೋಡಿ ನಗು ಬಂತು:
ಇವರು ಕೇಳದೇ ಇಳಿಯುವ ಪೈಕಿ ಅಲ್ಲ.
ಬೆರಳು ಮಡಚಿ ಎಣಿಸಿದೆ. ಕಡೇ ಕಂತಿನ ತಿಂಗಳೇ
ನನ್ನ ನಿವೃತ್ತಿ. ಮಷೀನು, ಚೀಲ, ಸೀಟಿ
ಡಿಪೋದಲ್ಲಿ ಒಪ್ಪಿಸಿ ರಸೀದಿ ಪಡೆದು
ನಡೆದೇ ಬರಬಹುದು ಮನೆಗೆ.
ಅಲ್ಲಿಯ ತನಕ ಚೂರುಚೂರಾಗಿ ನನ್ನದಾಗುತ್ತದಂತೆ.
ಹಾಗಾದರೆ ಅಡುಗೆಕಟ್ಟೆ ಮೊದಲ ವರ್ಷವೇ ಬರಲಿ,
ಆಯಿಯ ಕಿಟಕಿ ಅದರ ಮರುವರ್ಷ.
ಸಂಡಾಸು ಕಡೇತನಕ ಬ್ಯಾಂಕಿನದೇ ಇರಲಿ.

ಗ್ಯಾಸಿನ ಪುಸ್ತಕಕ್ಕೆ ಹೊಸ ವಿಳಾಸ ಹಾಕಿಸಲು ಹೋದೆ.
ಕೌಂಟರಿನ ಹುಡುಗಿ ತಲೆಯೆತ್ತದೆ ಕೇಳಿದಳು,
ಸ್ವಂತದ್ದೋ, ಬಾಡಿಗೆಯದೋ?
ಬೆಳಗಿನ ಮೊದಲ ಟ್ರಿಪ್ಪಿಗೆ
ಐನೂರರ ನೋಟು ಚಾಚುವವರ ಸಂಕೋಚದಲ್ಲಿ
ಸ್ವಂತದ್ದು, ಅಂದೆ.

ಅವಳು ತಿರುಗಿಸಿ ಕೂಡ ನೋಡದೆ
ತಕ್ಕೊಂಡಳು.