ವಿಲ್ಲಿಸ್ ಮಾರುವ ಮುನ್ನ

ಸಹಿ ಹಾಕುವ ಮುನ್ನ ಒಂದೆರಡು ಮಾತು, ಯುರ್ಲೆಯ್ಡಿ,
ಕಾಗದದಲ್ಲಿ ಬರೆಯದೆ ಬಿಟ್ಟದ್ದು.

ಮೊದಲು ನೆಲ ನೋಡು. ಸೀಟಿನ ಕೆಳಗೆ
ಬಲಕ್ಕೊಂದು ಎಡಕ್ಕೊಂದು ರಬ್ಬರ್ ಬಿರಡೆ.
ಮಳೆಯ ತಿಂಗಳಲ್ಲಿ ಕಿತ್ತಿಡು. ಇಲ್ಲದಿದ್ದರೆ
ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ
ಹಿಂದಿನ ನೀರೆಲ್ಲ ಮುಂದೆ ಬಂದು
ನಿನ್ನ ಬೂಟಿನ ಯೋಗಕ್ಷೇಮ ವಿಚಾರಿಸುತ್ತದೆ.
ಒಣ ತಿಂಗಳು ಬಂತೋ, ಮತ್ತೆ ಜಡಿ.
ನಾನು ಮರೆತ ವರ್ಷ, ಸಾಲೆಂತೊದಿಂದ ಮನೆ ಸೇರುವಷ್ಟರಲ್ಲಿ
ನನ್ನ ಪ್ಯಾಂಟಿನೊಳಗೆ ಅರ್ಧ ರಸ್ತೆ ಇತ್ತು.

ಕ್ಯಾನ್ವಾಸ್ ಹೊದಿಕೆ ಇದೆ, ಹೌದು.
ಐದು ಕೊಕ್ಕೆ, ಹನ್ನೊಂದು ಗುಂಡಿ, ಒಂದು ಹಗ್ಗ.
ಹಗ್ಗ ನನ್ನದು, ಇರಲಿ, ಇಟ್ಟುಕೋ.
ಒಬ್ಬಳೇ ಹಾಕಲು ಹನ್ನೆರಡು ನಿಮಿಷ.
ಈ ಬೆಟ್ಟದ ಮಳೆ ಸುರಿಯುವುದು ಹತ್ತು ನಿಮಿಷ.
ಲೆಕ್ಕ ನೀನೇ ಹಾಕು.
ಒದ್ದೆಯಲ್ಲಿ ಮಾತ್ರ ಮಡಚಿಡಬೇಡ.
ಒಮ್ಮೆ ಮಡಚಿಟ್ಟು ವಾರ ಕಳೆದು ಬಿಚ್ಚಿದರೆ
ಅಣಬೆ ಎದ್ದಿತ್ತು. ಹುರಿಯಬಹುದಾ ಎಂದು ಕೇಳಿದಳು ಹೆಂಡತಿ,
ತಮಾಷೆಗಲ್ಲ.

ಬೀಗವೇ? ಯಾವುದಕ್ಕೆ? ಬಾಗಿಲೇ ಇಲ್ಲ.
ಕೀಲಿಕೈ ಕೊಡುತ್ತೇನೆ, ಆದರೆ ಕಲಾರ್ಕಾದ ಯಾವ ಮುದಿ ಜೀಪಿನ ಕೀಲಿಯೂ,
ಒಂದು ಗಟ್ಟಿ ಚಮಚವೂ, ಇದನ್ನು ಎಬ್ಬಿಸುತ್ತದೆ.
ಸಂತೆಯಲ್ಲಿ ನಿಲ್ಲಿಸಿದಾಗ ಬಾನೆಟ್ ಎತ್ತಿ
ರೋಟರ್ ಕಳಚಿ ಜೇಬಿಗೆ ಹಾಕು. ಹೆಬ್ಬೆರಳಿನಷ್ಟೇ ಗಾತ್ರ.
ಒಮ್ಮೆ ಚಿಲ್ಲರೆಯೆಂದು ಚರ್ಚಿನ ಕಾಣಿಕೆ ಚೀಲಕ್ಕೆ
ಅದನ್ನೇ ಹಾಕಿಬಿಟ್ಟು, ಪೂಜೆ ಮುಗಿದ ಮೇಲೆ
ದೇವರಿಗೆ ಕೊಟ್ಟದ್ದನ್ನು ವಾಪಸ್ ಕೇಳಿದ ಪಾಪಿ ನಾನು.

ಮೊಟ್ಟೆ ಅಂದೆಯಲ್ಲ. ದಿನಕ್ಕೆ ಮುನ್ನೂರು?
ಹಿಂದಿನ ಚಕ್ರದ ಮೇಲೆ ಬೇಡ, ಅಲ್ಲಿ ಎತ್ತಿ ಒಗೆಯುತ್ತದೆ.
ನಡುವೆ ಇಡು, ಕೆಳಗೆ ಕಾಫಿ ಚೀಲ ಹಾಸಿ,
ಐದು ಟ್ರೇಗಿಂತ ಎತ್ತರ ಬೇಡ, ಮೇಲೆ ಬಾಳೆಯೆಲೆ.
ಒಡೆಯುವವು ಒಡೆಯುತ್ತವೆ, ನೂರಕ್ಕೆ ಮೂರು.
ಅದನ್ನು ಬೆಲೆಗೆ ಸೇರಿಸು, ಮನಸ್ಸಿಗೆ ಸೇರಿಸಬೇಡ.

ಟೋಪಿಗೆ ದಾರ. ಬಾಯಿ ಮುಚ್ಚಿಕೊಂಡು ಓಡಿಸು, ದುಂಬಿಗಳಿವೆ.
ಮಂಜು ಇಳಿದರೆ ಹೆದರಬೇಡ,
ಪಕ್ಕಕ್ಕೆ ಗಾಜಿಲ್ಲದ್ದರಿಂದ ಎದುರಿನ ಲಾರಿ
ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ.

ಇನ್ನೊಂದಿದೆ. ಇಂಜಿನ್ನಿನ ಮಾತಲ್ಲ.
ಮುಚ್ಚಿದ ಕಾರಿನವರಿಗೆ ಒಂದು ಸೌಕರ್ಯ:
ಗಾಜು ಏರಿಸಿ, ರೇಡಿಯೋ ತಿರುಗಿಸುವ ನೆಪದಲ್ಲಿ
ದಾರಿ ಬದಿಯಲ್ಲಿ ಕೈ ಎತ್ತಿದವರನ್ನು
ಕಾಣದೆ ಹೋಗಬಹುದು.
ನಿನಗದು ಇಲ್ಲ.
ಅವರ ಬೆವರಿನ ವಾಸನೆ ಬರುವಷ್ಟು ಹತ್ತಿರ ಹಾಯುತ್ತೀ.
ಹೆಸರು ಹಿಡಿದು ಕರೆಯುತ್ತಾರೆ. ನಿನ್ನ ಹೆಸರು ಗೊತ್ತಾಗುವ ತನಕ
‘ಆರ್ಸೇಸಿಯೊ!’ ಎನ್ನುತ್ತಾರೆ, ಗಾಡಿಯ ಗುರುತಿನಿಂದ.
ನಿಲ್ಲಿಸಲೇಬೇಕು.
ಒಂದು ಶನಿವಾರ ಹೀಗೇ ಹನ್ನೊಂದು ಜನ, ಒಂದು ಹಂದಿ,
ಒಂದು ಮಂಚ, ಆ ಮಂಚಕ್ಕೆಂದೇ ಅಂದು ಮದುವೆಯಾದ ಇಬ್ಬರು.
ಮುಂದಿನ ಚಕ್ರಗಳು ನೆಲ ಬಿಟ್ಟಿದ್ದವು,
ಪಾದ್ರಿಯನ್ನು ಬಾನೆಟ್ ಮೇಲೆ ಕೂರಿಸಿದೆವು, ಇಳಿದವು.

ನನ್ನ ತಮ್ಮ ಹೋದ ಬೆಳಿಗ್ಗೆ
ಅಳುತ್ತಲೇ ಓಡಿಸಿಕೊಂಡು ಬಂದೆ. ಮರೆಮಾಚಲು ಇದರಲ್ಲಿ
ಏನಿದೆ? ಮೂರನೆಯ ತಿರುವಿಗೆ ಬರುವಷ್ಟರಲ್ಲಿ
ಬೇಲಿಗೆ ಬಂದು ನಿಂತಿದ್ದರು ಹೆಂಗಸರು,
ಕೈಯಲ್ಲಿ ಬಿಸಿ ಲೋಟ, ಬಾಯಲ್ಲಿ ಮಾತಿಲ್ಲ.

ಹೂಂ, ಇಲ್ಲಿ ಸಹಿ.
ಪೆಸೊ ಎಣಿಸುತ್ತೇನೆ, ತಪ್ಪು ತಿಳಿಯಬೇಡ,
ನಿನ್ನ ಅಜ್ಜಿಯನ್ನು ಬಲ್ಲೆ.

ಇಲ್ಲಿಂದ ನನ್ನ ಮನೆ ನಾಲ್ಕು ಕಿಲೋಮೀಟರು, ಎಲ್ಲ ಏರು.
ಯಾವಾಗ ನಡೆದಿದ್ದೆನೋ, ನೆನಪಿಲ್ಲ.
ನೀನು ಗಾಡಿ ತಿರುಗಿಸಿಕೊಂಡು ಬಾ, ನಿಧಾನವಾಗಿ,
ಕ್ಲಚ್ ಸ್ವಲ್ಪ ಹಠಮಾರಿ.
ನಾನು ಆ ಬೇಲಿಯ ಹತ್ತಿರ
ಕೈ ಎತ್ತಿಕೊಂಡು ನಿಂತಿರುತ್ತೇನೆ.