ಪಕಾರ

ಉಮ್ಮುಲ್ ಕುವೈನಿನ ಮೀನುಪೇಟೆಯ ಹಿಂದೆ
ನನ್ನ ಟೈಪಿಂಗ್ ಸೆಂಟರು: ಎರಡು ಕುರ್ಚಿ, ಒಂದು ಏಸಿ,
ಅದು ತೊಟ್ಟಿಕ್ಕುವ ನೀರಿಗೆ ಹಾಲಿನಪುಡಿಯ ಖಾಲಿ ಡಬ್ಬಿ.
ಹಗಲೆಲ್ಲ ಬೇರೆಯವರ ಬದುಕನ್ನು ಅರಬ್ಬಿಗೆ ಇಳಿಸುತ್ತೇನೆ,
ಅರ್ಜಿಗೆ ಹದಿನೈದು ದಿರಹಂ.
ಹುದ್ದೆ ಯಾವುದು? ಕಫೀಲನ ಹೆಸರು? ತಾಯಿಯ ಹೆಸರು?
ಖಾಲಿ ಬಿಡುವಂತಿಲ್ಲ, ಬಿಟ್ಟರೆ ಪರದೆ ಕೆಂಪಾಗುತ್ತದೆ.

ರಾತ್ರಿ ಶಟರು ಎಳೆದ ಮೇಲೆ ನನ್ನದೇ ಒಂದು ಭಾಷೆ.
ಯಾರೂ ಕೇಳಿರಲಿಲ್ಲ, ಯಾರಿಗೂ ಬೇಕಿರಲಿಲ್ಲ.
ಬೇರೆಯವರು ಇಸ್ಪೀಟು ಆಡುವ ಹೊತ್ತಿನಲ್ಲಿ
ಮೂರು ವರ್ಷದಿಂದ ಕಟ್ಟುತ್ತಿದ್ದೇನೆ.
ಅದರಲ್ಲಿ ಎಲ್ಲವೂ ವಸ್ತು. ಏಳು ಎಂಬ ಅಂಕಿಯೂ ವಸ್ತು,
ಸುಳ್ಳೂ ವಸ್ತು,
ಏನೂ ಇಲ್ಲ ಎಂಬುದೂ ಒಂದು ವಸ್ತುವೇ,
ಕರೆದರೆ ಓಗೊಡುತ್ತದೆ.

ಕಂಪೈಲರು ನಾನು ಬರೆದದ್ದನ್ನು ಓದಿ ಬೈಟುಗಳಾಗಿ ಅರೆಯುತ್ತದೆ;
ಅರೆದದ್ದನ್ನು ಉಣ್ಣಲು ಒಂದು ಯಂತ್ರ,
ಮುಟ್ಟಲಾಗದ್ದು, ತೂಕವಿಲ್ಲದ್ದು,
ಈ ಹಳೇ ಲ್ಯಾಪ್‌ಟಾಪಿನೊಳಗೆ ಬಾಡಿಗೆಗಿದ್ದುಕೊಂಡು
ತಾನೇ ಮನೆಯೊಡೆಯನೆಂದು ನಂಬಿರುವಂಥದ್ದು.
ಇಲ್ಲದ ಯಂತ್ರ ಓಡುವುದು ಹೇಗೆ, ಎಂದು ಕೇಳಿದ ಲಿಗೋರಿ.
ನಿನ್ನ ರೂಮಿನ ಮೇಲ್ಮಂಚದ ಹಾಗೆ, ಅಂದೆ.
ಬಾಡಿಗೆ ಕರಾರಿನಲ್ಲಿ ಅದಿಲ್ಲ.
ಆದರೂ ಆರು ವರ್ಷದಿಂದ ನೀನು ಮಲಗುವುದು ಅದರ ಮೇಲೆಯೇ.

ಯಾರೂ ಬೊಟ್ಟು ಮಾಡದ ವಸ್ತುವನ್ನು ಹುಡುಕಿ ಅಳಿಸಲು
ಗುಡಿಸುವವನೊಬ್ಬನೂ ಒಳಗಿದ್ದಾನೆ.
ಅವನ ಬಗ್ಗೆ ಹೆಚ್ಚು ಬರೆಯುವುದಿಲ್ಲ;
ಈ ಊರಿನಲ್ಲಿ ಅಂಥ ಮಾತು ಯಾರಿಗೂ ಹೊಸದಲ್ಲ.

ಪೊಡಿಯಬ್ಬ ಬಂದದ್ದು ಒಂದು ಗುರುವಾರ, ಅಸರ್ ಬಾಂಗ್ ಆದ ಮೇಲೆ.
ಇಪ್ಪತ್ತೆರಡು ವರ್ಷ ದೋಣಿ ರಿಪೇರಿ,
ತೋಳಿನ ರೋಮದಲ್ಲಿ ಫೈಬರಿನ ಮಿನುಗು, ಉಗುರಿನ ಅಂಚಿಗೆ ರಾಳ.
ಎರಡು ಕಾಗದ ಮೇಜಿನ ಮೇಲಿಟ್ಟ.
ಪಾಸ್‌ಪೋರ್ಟಿನಲ್ಲಿ ಅವನು ಪೊಡಿಯಬ್ಬ.
ಅರಬ್ಬಿಗೆ ಪಕಾರವಿಲ್ಲ; ಯಾರೋ ಟೈಪಿಸ್ಟು
(ನಾನೇ ಇರಬಹುದು, ಈ ಕುರ್ಚಿಯಲ್ಲಿ ಕೂತ ಮೊದಲ ವರ್ಷ)
ಬ ಒತ್ತಿದ್ದಾರೆ.
ಅದು ಮರಳಿ ಇಂಗ್ಲಿಷಿಗೆ ಬರುವಾಗ ಬೊಡಿಯಬ್ಬ.
ಕಂಪನಿ ಲೆಕ್ಕ ಚುಕ್ತಾ ಮಾಡಿದ ಹಣ
ಬೊಡಿಯಬ್ಬನ ಹೆಸರಿಗೆ ಬಂದು ನಿಂತುಬಿಟ್ಟಿದೆ.
ಬ್ಯಾಂಕಿನ ಹುಡುಗಿ ಎರಡನ್ನೂ ಪಕ್ಕಪಕ್ಕ ಹಿಡಿದು
ಒಂದೇ ಅಲ್ಲ, ಅಂದಳಂತೆ.
ತಪ್ಪೇನೂ ಹೇಳಿಲ್ಲ ಅವಳು, ಅಕ್ಷರಕ್ಕೆ ಅಕ್ಷರ ನೋಡಿದ್ದಾಳೆ.
ಹಾಗಾದರೆ ನಾನು ಎಷ್ಟು ಜನ, ಮಾರಾಯ?
ನಗುತ್ತಲೇ ಕೇಳಿದ. ಆಮೇಲೆ ನಗಲಿಲ್ಲ.

ದುಬೈ ಕಾನ್ಸುಲೇಟಿಗೊಂದು, ಬ್ಯಾಂಕಿಗೊಂದು ಅಫಿಡವಿಟ್ಟು ಬರೆದೆ:
ಈ ಇಬ್ಬರೂ ಒಬ್ಬನೇ ಎಂದು ಈ ಮೂಲಕ ದೃಢೀಕರಿಸುವುದೇನೆಂದರೆ.
ದುಡ್ಡು ಬೇಡ ಅಂದೆ. ಅವನು ಕೇಳದೆ
ಪೇಪರಿನಲ್ಲಿ ಸುತ್ತಿದ ಶೇರಿ ಮೀನೊಂದನ್ನು
ಪ್ರಿಂಟರಿನ ಪಕ್ಕ ಇಟ್ಟು ಹೋದ.

ಆ ರಾತ್ರಿ ಕಂಪೈಲರು ತೆರೆದೆ.
ಬಹಳ ಹೆಮ್ಮೆಯಿಂದ ಬರೆದ ಭಾಗವೊಂದಿತ್ತು:
ಅರೆದಾದ ಮೇಲೆ ಹೆಸರುಗಳನ್ನೆಲ್ಲ ಒರೆಸಿಹಾಕುವುದು.
ಯಂತ್ರಕ್ಕೆ ಹೆಸರೇಕೆ?
ಮೂರನೆಯ ಖಾನೆ, ಏಳನೆಯ ಖಾನೆ ಅಂದರೆ ಸಾಕು.
ಫೈಲು ಮೂರರಲ್ಲೊಂದು ಪಾಲು ಇಳಿಯುತ್ತಿತ್ತು,
ಆ ದಿನ ಲಿಗೋರಿಗೆ ಕರಕ್ ಚಾ ಕುಡಿಸಿದ್ದೆ.
ಬಟ್ಟಲಿನಿಂದ ಮೀನು ಒಂದೇ ಕಣ್ಣಲ್ಲಿ ನೋಡುತ್ತಿತ್ತು.
ನಲವತ್ತೊಂದು ಸಾಲು ಅಳಿಸಿದೆ.

ಈಗ ನನ್ನ ಯಂತ್ರ ದಪ್ಪ, ತುಸು ನಿಧಾನ.
ಪ್ರತಿ ಖಾನೆಯ ಪಕ್ಕದಲ್ಲೂ ಬರೆದವರು ಇಟ್ಟ ಹೆಸರು,
ಇಟ್ಟ ಹಾಗೆಯೇ, ಪಕಾರ ಸಮೇತ.

ಪರೀಕ್ಷೆಗೆಂದು ಪುಟ್ಟದೊಂದು ಪ್ರೋಗ್ರಾಮು.
ವಸ್ತು ಒಂದು. ಹೆಸರು ಎರಡು.
ಇದೂ ಅದೂ ಒಂದೇನಾ, ಎಂದು ಕೇಳಿದೆ.
ಕರ್ಸರು ಎರಡು ಸಲ ಮಿಟುಕಿತು.
ಹೊರಗೆ, ಖೋರಿನ ಆಚೆ ದಡದಲ್ಲಿ
ಯಾರೋ ದೋಣಿಯ ಎಂಜಿನಿನ ಹಗ್ಗ ಎಳೆಯುತ್ತಿದ್ದರು,
ಹತ್ತುತ್ತಿರಲಿಲ್ಲ, ಮತ್ತೆ ಎಳೆಯುತ್ತಿದ್ದರು.

ಹೌದು, ಅಂತು ಪರದೆ.

ಬ್ಯಾಂಕಿನಿಂದ ಇನ್ನೂ ಉತ್ತರವಿಲ್ಲ.