ಪಾಸ್

ಹಳೇ ಬಸ್ ಸ್ಟ್ಯಾಂಡ್ ಬಿಡೂದರಾಗ
ಬಾಗಲದಾಗ ಒಂದ ಕಾಲಿಟ್ಟು ಒದರತಾವ ಹುಡುಗರು: ಪಾಸ್!
ತೋರಸೂದಿಲ್ಲ. ಅಂದರ ಮುಗೀತು.
ಗುಡಿ ಮುಂದ ಹಾಯುವಾಗ ಎದಿ ಮುಟ್ಟಿಕೊಂಡಂಗ
ಅಂಗಿ ಕಿಸೆ ಮುಟ್ಟಿಕೋತಾವ, ಅಷ್ಟ.

ಹದಿನೇಳು ವರ್ಷ ಆತು ಈ ಚೀಲ ನನ್ನ ಹೆಗಲಿಗೆ ಬಿದ್ದು.
ಹುಬ್ಬಳ್ಳಿ ಧಾರವಾಡ, ಧಾರವಾಡ ಹುಬ್ಬಳ್ಳಿ,
ದಿನಾ ಆರು ಟ್ರಿಪ್ಪು.
ಎಲ್ಲೀಗೂ ಹೋಗಿಲ್ಲ, ಎಲ್ಲೂ ನಿಂತೂ ಇಲ್ಲ.

ಉಣಕಲ್ಲಿಗೆ ಹತ್ತತಿದ್ದರು ಹಂಪಿಹೊಳಿ ಮಾಸ್ತರು,
ಇಂಗ್ಲೀಷ್ ಕಲಿಸಿ ರಿಟಾಯರ್ ಆದವರು.
ಅವರೊಬ್ಬರು ಮಾತ್ರ ತಾವಾಗೇ ತಗದು ತೋರಸತಿದ್ದರು
ತಿಂಗಳ ಪಾಸು, ದಿನಾ ಮೊದಲನೇ ದಿನದಂಗ.

ಒಮ್ಮೆ ಕೇಳಿದರು:
"ಈ ಶಬ್ದಕ್ಕ ಎಷ್ಟ ಅರ್ಥ ಅದಾವ, ಹೇಳು ನೋಡೂಣು?"
"ನಾ ಇಂಗ್ಲೀಷಿನ್ಯಾಗ ಎರಡ ಸಲ ಕುಂತಾಕಿರಿ ಸರ.
ಮೊದಲ ಮೂವತ್ತೊಂದು, ಆಮ್ಯಾಲೆ ಮೂವತ್ನಾಕು.
ಆ ಒಂದು ಮಾರ್ಕು ಯಾರ ಕಿಸೇದಾಗ ಉಳೀತೋ!
ಮೂರನೇ ಸಲಕ್ಕ ಪಾಸ್.
ಅದೊಂದ ಅರ್ಥ ನನಗ ಗೊತ್ತು."

ನಕ್ಕರು. ಯಾರೋ ಒಗದ ಟಿಕೀಟೊಂದು ಎತ್ತಿಕೊಂಡು
ಅದರ ಬೆನ್ನಿಗೆ ಬರೀಲಿಕ್ಕೆ ಹತ್ತಿದರು.
ಬಸ್ಸು ಜಿಗದಾಗೆಲ್ಲ ಅಕ್ಷರಾನೂ ಜಿಗದವು:
ತೇರ್ಗಡೆ. ಪರವಾನಗಿ. ಮಂಜೂರಿ.
ಎರಡು ಗುಡ್ಡದ ನಡುವಿನ ಕಂಡಿ.
ಇಸ್ಪೀಟಿನ್ಯಾಗ "ಈ ಸಲ ನಾ ಇಲ್ಲ" ಅನ್ನೂದು.
ಕ್ಲಾಸಿನ್ಯಾಗ ಉತ್ತರ ಬಾರದವ
ಪ್ರಶ್ನೆನ ಬಾಜೂದವನ ಕೊಳ್ಳಿಗೆ ಕಟ್ಟೂದು.

ನಾನೂ ಬಿಡಲಿಲ್ಲ.
ನವನಗರಕ್ಕ ಒಂದು, ರಾಯಾಪುರಕ್ಕ ಒಂದು ಕೊಟ್ಟೆ:
ಪತ್ತಿನ ಸಂಘದಾಗ ನಮ್ಮನಿಯವರ ಸಾಲ ಪಾಸ್ ಆತ್ರಿ,
ಮಗಳ ಮದವಿ ಮುಗದು ನಾಕು ತಿಂಗಳಿಗೆ.
ಶೇಂಗಾ ಮಾರೋ ದಾದಾಪೀರ
ಶೇಂಗಾ ಅನ್ನೂದ ಮರತಾನ, ಬರೇ ಟೈಮ್‌ಪಾಸ್ ಅಂತಾನ.
ಅವನ ಟೈಮು ಪಾಸ್ ಆಗೂದಿಲ್ಲ ನೋಡ್ರಿ,
ಮುಂಜಾನಿಂದ ಒಂದ ಬುಟ್ಟಿ.

ಮತ್ತ ಸತ್ತೂರ ಆಸ್ಪತ್ರ್ಯಾಗ ನಮ್ಮಪ್ಪಗ ಬೈಪಾಸ್.
ಅವತ್ತ ಬೈಪಾಸ್ ರಸ್ತೇಕ ಲಾರಿ ಅಡ್ಡ ಬಿದ್ದು
ತಮ್ಮ ರೊಕ್ಕಾ ತರೂದು ತಡಾ ಆತು.
"ಬೈಪಾಸಿಗೆ ಬೈಪಾಸೇ ಅಡ್ಡ ಬಂತ್ರಿ" ಅಂದೆ, ನಗಸಲಿಕ್ಕೆ.
ಮಾಸ್ತರು ನಗಲಿಲ್ಲ.
ಚೀಟಿ ನನ್ನ ಕೈಗಿಟ್ಟು ಪೆನ್ನಿನ ಟೋಪಿ ಹಾಕಿದರು.
"ಇನ್ನೊಂದದ. ಅದು ನಾಳಿಗೆ ಇರಲಿ."

ಶ್ರಾವಣದಾಗ ಎಂಟು ದಿನ ಉಣಕಲ್ಲಿನ್ಯಾಗ ಅವರಿಲ್ಲ.
ಒಂಬತ್ತನೇ ದಿನ ಸೊಸಿ ಹತ್ತಿದಳು.
ಸೊನ್ನೆ ಟಿಕೀಟು ಹರದು ಕೊಡೂ ಹೊತ್ತಿಗೆ,
"ಮಾವನವರು ಹ್ವಾದರ್ರಿ" ಅಂದಳು.
ನಾ ಒಬ್ಬಾಕಿ ಹುಚ್ಚಿ, ರೂಢಿ ಬಿಡೂದಿಲ್ಲ,
"ಎಲ್ಲೀಗೆ?" ಅಂದುಬಿಟ್ಟೆ.

ಪಾಸು ಇನ್ನೂ ಹನ್ನೊಂದು ದಿನ ನಡೀತಿತ್ತಂತ.

ಚೀಟಿ ಚೀಲದಾಗ ಐತಿ.
ಮಷೀನು ಬರದ ಬದಿ ಮಾಸಿ ಬೆಳ್ಳಗಾಗೇತಿ,
ಯಾವೂರಿಂದ ಯಾವೂರಿಗೆ, ಎಷ್ಟು ರೂಪಾಯಿ, ಏನೂ ಉಳದಿಲ್ಲ.
ಹಿಂದಿನ ಬದಿ ಮಾಸ್ತರ ಕೈ ಇನ್ನೂ ನೀಲಿ.

ಇವತ್ತ ಸೋಮವಾರ. ಕಾಲಿಡಾಕ ಜಾಗಾ ಇಲ್ಲ.
ಹಿಂದಿನ ಸೀಟಿನಿಂದ ಐವತ್ತರ ನೋಟೊಂದು ಮ್ಯಾಲೆ ಎದ್ದಿತು.
"ಪಾಸ್ ಮಾಡ್ರಿ, ಪಾಸ್ ಮಾಡ್ರಿ" ಅಂದೆ.
ಮೆಹಂದಿ ಕೈಯಿಂದ ಸಿಮೆಂಟ್ ಕೈಗೆ,
ಅಲ್ಲಿಂದ ಕೋರ್ಟಿನ ಕಾಗದ ಹಿಡದ ಕೈಗೆ,
ಕೂಸಿನ ಕೈಗೆ (ಅದು ಬಾಯಿಗಿಟ್ಟಿತು, ಅವರವ್ವ ಕಸಗೊಂಡಳು),
ಹಂಗ ನನ್ನ ತನಕ ಬಂತು.
ಟಿಕೀಟು ಅದ ದಾರಿ ಹಿಡದು ಹೊಳ್ಳಿ ಹೋತು,
ಅದರ ಬೆನ್ನಿಗೆ ಚಿಲ್ಲರ.
ಯಾರೂ ಎಣಿಸಲಿಲ್ಲ. ಯಾರೂ ಇಟಗೊಳ್ಳಲಿಲ್ಲ.

ಇದು ಚೀಟಿನ್ಯಾಗ ಇಲ್ಲಲ್ಲ, ಅನಿಸಿತು.
ಬರೀಬೇಕಂತ ಪೆನ್ನು ಹುಡುಕಾಡತಿದ್ದೆ,
ಉಣಕಲ್ ಬಂತು,
ಬಾಗಲದಾಗ ಯಾವನೋ ಒದರಿದ: ಪಾಸ್!

ತೋರಸೋ, ಅಂದೆ.